ಉಂಡ ಮನೆಯ ಜಂತೆ

ಈ ಸಲ ಡಿಸೆಂಬರ್ ಕೊನೆಯಿಂದ ಸಂಕ್ರಾಂತಿಯ ತನಕ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪನ್ನು ತೆರೆದಾಗಲೆಲ್ಲ ನನಗೆ ನೆನಪಾಗುತ್ತಿದ್ದದ್ದು ಒಂದೇ ಗಾದೆ: ಉಂಡ ಮನೆಯ ಜಂತೆ ಎಣಿಸಬಾರದು. ಅಕ್ಕನ ಮಗಳು ಜರ್ಮನಿಯ ಎಮ್ಡೆನ್‌ನಲ್ಲಿ ಓದುತ್ತಿದ್ದಾಳೆ. ಕ್ರಿಸ್‌ಮಸ್ ರಜೆಗೆ ಆ ಊರಿನ ನಿವೃತ್ತ ದಂಪತಿ ಅವಳನ್ನು ಹೊಸ ವರ್ಷದವರೆಗೂ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಅವಳು ಅಲ್ಲಿಂದ ಒಂದು ಫೋಟೊ ಹಾಕಿದರೆ ಸಾಕು, ಇಲ್ಲಿ ಲೆಕ್ಕ ಶುರು. ಮನೆ ಸ್ವಂತದ್ದೋ ಬಾಡಿಗೆಯದೋ? ಪಿಂಚಣಿ ಎಷ್ಟಂತೆ? ಮಕ್ಕಳಿದ್ದೂ ಇಬ್ಬರೇ ಯಾಕಿದ್ದಾರೆ, ಪಾಪ? ಹಬ್ಬದ ರಾತ್ರಿ ಬರೀ ಆಲೂಗಡ್ಡೆಯೇ? ನಿನಗೇನು ಕೊಟ್ಟರು? ಊಟ ಮಾಡಿದವಳು ಅವಳು, ಜಂತೆ ಎಣಿಸಿದವರು ನಾವು, ಅದೂ ಏಳೂವರೆ ಸಾವಿರ ಕಿಲೋಮೀಟರ್ ಆಚೆಯಿಂದ.

ಅಲ್ಲಿ ಹಬ್ಬಕ್ಕೆ ಕರೆಸಿಕೊಳ್ಳುವುದು ಎಂದರೇನು ಎಂದು ಮೊದಲು ಹೇಳಬೇಕು. 2023-24ರ ಚಳಿಗಾಲದ ಸೆಮಿಸ್ಟರಿನಲ್ಲಿ ಜರ್ಮನಿಯಲ್ಲಿ ಸುಮಾರು 49 ಸಾವಿರ ಭಾರತೀಯ ವಿದ್ಯಾರ್ಥಿಗಳಿದ್ದರು. ಬೇರೆ ಯಾವ ದೇಶದವರೂ ಅಷ್ಟಿರಲಿಲ್ಲ. ಡಿಸೆಂಬರ್ 24ರ ಮಧ್ಯಾಹ್ನ 2 ಗಂಟೆಗೆಲ್ಲ ಅಂಗಡಿಗಳು ಬಾಗಿಲು ಹಾಕುತ್ತವೆ. 25 ಮತ್ತು 26 ಎರಡೂ ಸರಕಾರಿ ರಜೆ. ಪಕ್ಕದಲ್ಲಿ ಭಾನುವಾರ ಬಂದರೆ ಅದೂ ಸೇರಿತು, ಏಕೆಂದರೆ ಅಲ್ಲಿ ಭಾನುವಾರ ಅಂಗಡಿ ತೆರೆಯುವಂತಿಲ್ಲ. ಕಾಲೇಜಿನ ಕ್ಯಾಂಟೀನಿಲ್ಲ, ಲೈಬ್ರರಿಯಿಲ್ಲ, ಸಂಜೆ ನಾಲ್ಕೂವರೆಗೆ ಕತ್ತಲು. ಹಾಸ್ಟೆಲ್ ಕೋಣೆಯಲ್ಲಿ ಒಬ್ಬಳೇ ಉಳಿದ ಹುಡುಗಿಗೆ ಊರಿಗೆ ಊರೇ ಕರ್ಫ್ಯೂ ಹಾಕಿಕೊಂಡಂತೆ ಕಾಣುತ್ತದೆ. ಇನ್ನು 24ರ ರಾತ್ರಿ ಅಲ್ಲಿ ಹತ್ತಿರದವರಿಗಷ್ಟೇ ಮೀಸಲು. ಪರಿಚಯದವರನ್ನು 26ರ ಕಾಫಿಗೆ ಕರೆದರೂ ಸಾಕು, ಮರ್ಯಾದೆ ಮಾಡಿದಂತೆಯೇ. ಆ ದಂಪತಿ ಇವಳನ್ನು ಕೂರಿಸಿಕೊಂಡದ್ದು 24ರ ರಾತ್ರಿಯ ಮೇಜಿಗೆ. ಆಲೂಗಡ್ಡೆ ಸಲಾಡ್, ಜೊತೆಗೆ ಸಾಸೇಜ್, ಇವಳ ತಟ್ಟೆಗೆ ಅದರ ಬದಲು ಬೇಯಿಸಿದ ಮೊಟ್ಟೆ. ಜರ್ಮನಿಯ ಎಷ್ಟೋ ಮನೆಗಳಲ್ಲಿ ಆ ರಾತ್ರಿಯ ಊಟ ಇಷ್ಟೇ. ಅಂದು ಅಡುಗೆ ಮಾಡುವವರಿಗೂ ಹಬ್ಬ ಇರಲಿ ಎಂಬ ಏರ್ಪಾಟು ಅದು. ನಮ್ಮ ಯುಗಾದಿಯ ಮಧ್ಯಾಹ್ನ ಎರಡು ಗಂಟೆಯವರೆಗೆ ಒಬ್ಬಟ್ಟು ಬೇಯಿಸುತ್ತ ನಿಂತ ಹೆಂಗಸರಿಗೆ ಇದರ ಜಾಣತನ ತಿಳಿದೀತು. ಗುಂಪಿನಲ್ಲಿದ್ದ ಗಂಡಸರಿಗೆ ತಿಳಿಯಲಿಲ್ಲ.

ಈಗ ಗಾದೆಗೆ ಬರೋಣ. ಇದಕ್ಕೆ ಸಾಮಾನ್ಯವಾಗಿ ಹೇಳುವ ಅರ್ಥ, ಅನ್ನ ಇಟ್ಟವರಿಗೆ ದ್ರೋಹ ಬಗೆಯಬೇಡ ಎಂದು. ಆ ಕೆಲಸಕ್ಕೆ ಉಂಡ ಮನೆಗೆ ಎರಡು ಬಗೆಯಬೇಡ ಎಂಬ ಗಾದೆ ಬೇರೆಯೇ ಇದೆ. ಇದನ್ನೂ ಅದಕ್ಕೇ ಹಚ್ಚಬೇಕಾಗಿಲ್ಲ. ಇನ್ನು ಕೆಲವರು, ಮನೆಯವರ ಆಸ್ತಿ ಅಳೆಯಬೇಡ ಎನ್ನುತ್ತಾರೆ. ಹಾಗಿದ್ದರೆ ಕಂಬಗಳ ನಡುವಿನ ಅಂಕಣ ಎಣಿಸಬೇಡ ಎನ್ನುತ್ತಿದ್ದರು. ಬಯಲುಸೀಮೆಯಲ್ಲಿ ಮನೆಯ ಅಂತಸ್ತು ಗೊತ್ತಾಗುತ್ತಿದ್ದದ್ದು ಎಷ್ಟು ಅಂಕಣದ ಮನೆ ಎಂಬುದರಿಂದ, ಹೊರಗೆ ನಿಂತೇ ಹೇಳಬಹುದಿತ್ತು. ದೃಷ್ಟಿ ತಾಗುತ್ತದೆ ಎನ್ನುವವರೂ ಇದ್ದಾರೆ. ಮಸಿ ಹಿಡಿದ ಜಂತೆಗೆ ಯಾರ ದೃಷ್ಟಿ ತಾಗೀತು?

ನನ್ನ ಓದು ಬೇರೆ. ಹಳೆಯ ಮಾಳಿಗೆ ಮನೆಯನ್ನು ನೆನೆದುಕೊಳ್ಳಿ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತೆ, ಅದರ ಮೇಲೆ ಮಣ್ಣು. ಒಳಗೆ ಮಬ್ಬು ಬೆಳಕು, ಒಲೆಯ ಹೊಗೆಗೆ ಎಲ್ಲ ಕಪ್ಪಾಗಿರುತ್ತದೆ. ನಿಂತು ಕತ್ತೆತ್ತಿ ಎಣಿಸಹೊರಟರೆ ನಾಲ್ಕನೆಯದಕ್ಕೇ ಕತ್ತು ನೋಯುತ್ತದೆ. ಜಂತೆಯನ್ನು ಪೂರಾ ಎಣಿಸಬಲ್ಲವನು ಒಬ್ಬನೇ: ಉಂಡು ಪಡಸಾಲೆಯಲ್ಲಿ ಅಂಗಾತ ಮಲಗಿದವನು. ಅವನು ಎಣಿಸುತ್ತಿರುವ ಹೊತ್ತಿಗೆ ಒಳಗೆ ಯಾರೋ ಎಲೆ ಎತ್ತಿ, ಗೋಮಯ ಹಚ್ಚಿ, ಪಾತ್ರೆ ಬೆಳಗುತ್ತಿರುತ್ತಾರೆ. ಅವರಿಗೆ ಮೇಲೆ ನೋಡಲು ಪುರಸೊತ್ತಿಲ್ಲ. ಹಾಗಾಗಿ ಗಾದೆ ಬೈಯುತ್ತಿರುವುದು ಎಣಿಕೆಯನ್ನಲ್ಲ, ಆ ಮಲಗುವಿಕೆಯನ್ನು. ಎದ್ದು ಕೈಜೋಡಿಸು ಎನ್ನುತ್ತಿದೆ ಅದು. ಕೆಲಸಕ್ಕೆ ಇಳಿದವನ ಕಣ್ಣು ತಾನಾಗಿ ಕೆಳಗೆ ಬರುತ್ತದೆ.

ನಮ್ಮ ಹುಡುಗಿ ಎದ್ದಳು, ಅದಕ್ಕೇ ಈ ಬರಹ. ಎಮ್ಡೆನ್ ಇರುವುದು ಓಸ್ಟ್‌ಫ್ರೀಸ್‌ಲ್ಯಾಂಡ್ ಎಂಬ ಕಡಲಂಚಿನ ಸೀಮೆಯಲ್ಲಿ. ಜರ್ಮನಿ ಕಾಫಿಯ ದೇಶವಾದರೂ ಇವರು ಚಹಾದವರು. ತೆಳುವಾದ ಪಿಂಗಾಣಿ ಬಟ್ಟಲಿಗೆ ಮೊದಲು ಕಲ್ಲುಸಕ್ಕರೆಯ ಹರಳು, ಅದರ ಮೇಲೆ ಬಿಸಿ ಡಿಕಾಕ್ಷನ್. ಹರಳು ಚಟಪಟ ಸದ್ದು ಮಾಡಬೇಕು. ಆಮೇಲೆ ಅಂಚಿನಿಂದ ಒಂದು ಹನಿ ಕೆನೆ. ಕದಡುವಂತಿಲ್ಲ! ಮೊದಲು ಕೆನೆ, ನಡುವೆ ಕಹಿ, ತಳದಲ್ಲಿ ಸಿಹಿ. ಕನಿಷ್ಠ ಮೂರು ಬಟ್ಟಲು ಕುಡಿಯುವುದು ಪದ್ಧತಿ. ಸಾಕಾದರೆ ಚಮಚವನ್ನು ಬಟ್ಟಲಿನೊಳಗೆ ಇಡಬೇಕು, ಇಡದಿದ್ದರೆ ಸುರಿಯುತ್ತಲೇ ಇರುತ್ತಾರೆ. ಇದು ಗೊತ್ತಿಲ್ಲದ ನಮ್ಮವಳು ಸಂಕೋಚದಿಂದ ಆರು ಬಟ್ಟಲು ಕುಡಿದು ರಾತ್ರಿಯಿಡೀ ನಿದ್ದೆಗೆಟ್ಟಳು. ಚಮಚದ ಈ ಏರ್ಪಾಟು ನಮ್ಮಲ್ಲೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಎಲೆಯ ಮೇಲೆ ಕೈ ಅಡ್ಡ ಹಿಡಿದು ಅತಿಥಿ ‘ಸಾಕು ಸಾಕು’ ಎನ್ನುವುದು, ಬೆರಳ ಸಂದಿಯಿಂದಲೇ ಪಾಯಸ ಬಡಿಸುವುದು, ಕೊನೆಗೆ ಎಲೆಯಲ್ಲಿ ಬಿಟ್ಟದ್ದಕ್ಕೆ ಬೇಸರ. ಇದನ್ನು ನಾವು ಉಪಚಾರ ಎನ್ನುತ್ತೇವೆ. ನನಗೆ ಇದು ಕುಸ್ತಿಯಾಗಿಯೇ ಕಂಡಿದೆ.

ಮೊದಲೆರಡು ದಿನ ಅವಳನ್ನು ಅಡುಗೆಮನೆಗೆ ಬಿಡಲಿಲ್ಲವಂತೆ. ಆಮೇಲೆ ಡಿಶ್‌ವಾಷರ್ ತುಂಬಿಸುವ ಕೆಲಸ ಸಿಕ್ಕಿತು, ಅದರಲ್ಲೂ ಯಾವುದು ಎಲ್ಲಿ ಎಂಬ ಶಾಸ್ತ್ರವಿದೆ. ಗುಲಾಬಿ ಚಿತ್ರದ ಚಹಾ ಬಟ್ಟಲುಗಳನ್ನು ಮಾತ್ರ ಆ ಅಜ್ಜಿ ಕೈಯಲ್ಲೇ ತೊಳೆಯುತ್ತಿದ್ದರು. ಟೀಪಾಟಿಗೆ ಸೋಪು ಮುಟ್ಟಿಸುವಂತಿಲ್ಲ, ಬರೀ ನೀರು. ಒಂದು ಸಂಜೆ ಅದನ್ನೂ ಇವಳ ಕೈಗೆ ಕೊಟ್ಟರು. ನನ್ನ ಮಟ್ಟಿಗೆ ಅವಳಿಗೆ ಸಿಕ್ಕ ಕ್ರಿಸ್‌ಮಸ್ ಉಡುಗೊರೆ ಅದೇ. ಗುಂಪಿನವರು ವಿಚಾರಿಸಿದ ಉಡುಗೊರೆ ಉಣ್ಣೆಯ ಕಾಲುಚೀಲ. ವರ್ಷದ ಕೊನೆಯಲ್ಲಿ ಆ ಸೀಮೆಯವರು ಕಾವಲಿಯಂಥ ಅಚ್ಚಿನಲ್ಲಿ ತೆಳ್ಳಗೆ ಒಂದು ತಿಂಡಿ ಸುಟ್ಟು, ಬಿಸಿಯಿರುವಾಗಲೇ ಶಂಕುವಿನಂತೆ ಸುತ್ತಿಡುತ್ತಾರೆ. ಹೊಸ ವರ್ಷಕ್ಕೆ ಬಂದವರಿಗೆಲ್ಲ ಅದನ್ನು ಕೊಡುವುದು ವಾಡಿಕೆ. ಸುತ್ತುವ ಕೆಲಸ ಇವಳದು, ಬೆರಳು ಸುಟ್ಟುಕೊಂಡಳು. ‘ಮಾಮ, ಅದಕ್ಕೆ ಏಲಕ್ಕಿ ಹಾಕ್ತಾರೆ, ಮನೆಯೆಲ್ಲ ನಮ್ಮನೆ ವಾಸನೆ’ ಎಂದು ನನಗೆ ಧ್ವನಿಸಂದೇಶ ಕಳಿಸಿದಳು. ಅದನ್ನೇ ಗುಂಪಿನಲ್ಲಿ ಹಾಕಿದಾಗ ಸಕಲೇಶಪುರದ ಭಾವ ಕೇಳಿದ್ದು: ಅಲ್ಲಿ ಏಲಕ್ಕಿ ಕೇಜಿಗೆ ಎಷ್ಟಂತೆ?

ಅತಿಥಿಯನ್ನು ದೇವರೆಂದು ಕಾಣು ಎಂಬ ತೈತ್ತಿರೀಯ ಉಪನಿಷತ್ತಿನ ಮಾತು ನಮಗೆಲ್ಲ ಬಾಯಿಪಾಠ. ಆದರೆ ಗುರು ಅದನ್ನು ಹೇಳಿದ್ದು ಓದು ಮುಗಿಸಿ ಮನೆ ಕಟ್ಟಲು ಹೊರಟ ಶಿಷ್ಯನಿಗೆ, ಅಂದರೆ ನಾಳೆ ಆತಿಥ್ಯ ಕೊಡಬೇಕಾದವನಿಗೆ. ನಾವೋ ಅದನ್ನು ಅತಿಥಿಯಾಗಿ ಹೋಗುವಾಗ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೋಗುತ್ತೇವೆ, ದೇವರಿಗೆ ನೈವೇದ್ಯ ಎಲ್ಲಿ ಎಂದು ಕಾಯುತ್ತೇವೆ. ದೇವರಾಗಿ ಕೂತವನು ಪಾತ್ರೆ ತೊಳೆಯುವುದುಂಟೇ? ವಿದ್ಯಾರ್ಥಿಗಳು ಹೊರದೇಶದ ಮನೆಗಳಲ್ಲಿ ಇದ್ದು ಬರುವ ಏರ್ಪಾಟನ್ನು ‘ದಿ ಎಕ್ಸ್‌ಪೆರಿಮೆಂಟ್ ಇನ್ ಇಂಟರ್‌ನ್ಯಾಷನಲ್ ಲಿವಿಂಗ್’ ಎಂಬ ಹೆಸರಿನಲ್ಲಿ ಶುರು ಮಾಡಿದ ಅಮೆರಿಕದ ಡೊನಾಲ್ಡ್ ವಾಟ್ ಅತಿಥಿಯ ಈ ಪಾಡನ್ನು ಚೆನ್ನಾಗಿ ಬಲ್ಲವರಾಗಿದ್ದರು. ಬಂದವರು ಮನೆಯವರಲ್ಲೊಬ್ಬರಾಗಿ ಬಾಳಬೇಕು ಎಂಬುದೇ ಆ ಪ್ರಯೋಗದ ತಿರುಳು.

ಓಸ್ಟ್‌ಫ್ರೀಸ್‌ಲ್ಯಾಂಡ್ ಎಂದಾಗ ಕನ್ನಡಿಗರು ಇನ್ನೊಬ್ಬರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಫರ್ಡಿನಂಡ್ ಕಿಟೆಲ್ 1832ರಲ್ಲಿ ಹುಟ್ಟಿದ್ದು ಆ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಮತಪ್ರಚಾರಕ್ಕೆಂದು ನಮ್ಮಲ್ಲಿಗೆ ಬಂದವರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟನ್ನು ನಮಗೆ ಕೊಟ್ಟರು. ಅದರ ತುಂಬ ಗಾದೆಗಳಿವೆ, ಹಳ್ಳಿಗರ ಬಾಯಿಮಾತಿದೆ. ನಮ್ಮ ಮನೆಯ ಜಂತೆಗಳನ್ನು ಅವರಷ್ಟು ಎಣಿಸಿದವರು ಇನ್ನೊಬ್ಬರಿಲ್ಲ ಎಂದು ಯಾರಾದರೂ ನನ್ನ ಓದಿಗೆ ಅಡ್ಡ ಹಾಕಬಹುದು. ಅವರು ಮಲಗಿ ಎಣಿಸಲಿಲ್ಲ, ಅಷ್ಟೇ ನನ್ನ ಉತ್ತರ. ಏಣಿ ಹಾಕಿ ಹತ್ತಿ, ಒಂದೊಂದರ ಮಸಿಯನ್ನೂ ಒರೆಸಿದರು.

ಅಕ್ಕನ ಮಗಳು ಹಾಸ್ಟೆಲಿಗೆ ಮರಳಿದಳು. ನನಗೆ ಮಾತ್ರ ಒಂದು ವಿಷಯ ಕೊರೆಯುತ್ತಲೇ ಇತ್ತು. ನಮ್ಮ ಮೈಸೂರಿನಲ್ಲೂ ಹೊರದೇಶದ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ನಮ್ಮ ಬೀದಿಯ ಪಿ.ಜಿ.ಯಲ್ಲೇ ತಾಂಜಾನಿಯಾದ ಹುಡುಗನೊಬ್ಬ ಇದ್ದಾನೆ. ದಸರೆಗೆ ಅವನ ಕೋಣೆಯವರೆಲ್ಲ ಊರಿಗೆ ಹೋದಾಗ ಅವನು ಗೇಟಿನ ಬಳಿ ಫೋನ್ ನೋಡುತ್ತ ಕೂತಿದ್ದನ್ನು ನಾವೆಲ್ಲರೂ ನೋಡಿದ್ದೇವೆ. ನಮ್ಮ ಹುಡುಗಿಯನ್ನು ಎಮ್ಡೆನ್‌ನವರು ಒಳಗೆ ಕರೆದದ್ದು ಸಹಜ ಎಂದುಕೊಂಡ ನಾವು ಇವನಿಗೆ ಬಾಗಿಲು ತೆರೆಯುವುದನ್ನು ಯೋಚಿಸಿಯೂ ಇರಲಿಲ್ಲ. ಮನೆ ಬಾಡಿಗೆ ಕೇಳಿಕೊಂಡು ಬಂದ ಅವನಂಥವರಿಗೆ ಈ ಬೀದಿಯಲ್ಲಿ ಸಿಕ್ಕ ಉತ್ತರಗಳನ್ನು ಇಲ್ಲಿ ಬರೆಯುವಂತಿಲ್ಲ.

ಸಂಕ್ರಾಂತಿಗೆ ಅವನನ್ನು ಕರೆಯೋಣವೇ ಎಂದು ಗುಂಪಿನಲ್ಲಿ ಕೇಳಿದೆ. ‘ಅವರು ಏನು ತಿಂತಾರೋ ಏನೋ’ ಎಂದು ಒಬ್ಬರು. ‘ಫೀಸು ಎಷ್ಟು ಕಟ್ಟಿದಾನಂತೆ?’ ಎಂದು ಸಕಲೇಶಪುರದ ಭಾವ. ಅಕ್ಕ ಆಮೇಲೆ ಬರೆದಳು: ‘ಹುಗ್ಗಿಗೆ ಒಂದು ಪಾವು ಅಕ್ಕಿ ಜಾಸ್ತಿ ಹಾಕ್ತೀನಿ, ಬರೋಕೆ ಹೇಳು. ಹತ್ತು ಗಂಟೆಗೇ ಬರಲಿ, ಕಬ್ಬು ತುಂಡು ಮಾಡೋಕೆ ಮನೇಲಿ ಯಾರೂ ಇಲ್ಲ.’