ಆರಿಸಿದ ಮೇಲೂ ಉಳಿಯುವುದು

“ಮಾವ, ಪ್ಲಗ್ ಕಿತ್ತಾಯ್ತಲ್ಲ, ಇನ್ನೇನು ಭಯ?” ಎಂದು ತಂಗಿಯ ಮಗ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದ. ರಾಜಾಜಿನಗರದ ಮನೆಯಲ್ಲಿ ಅಪ್ಪ ಬಿಟ್ಟುಹೋದ ವಾಲ್ವ್ ಆಂಪ್ಲಿಫೈಯರ್ ಈಚೆಗೆ ಹಾಡಿನ ಅಡಿಯಲ್ಲಿ ಗುಂಯ್ ಎನ್ನತೊಡಗಿತ್ತು. ರಿಪೇರಿ ಮಾಡಿ ಮಾರುವುದೆಂದು ನಿರ್ಧರಿಸಿದ್ದೆವು. ಒಳಗಿನದೆಲ್ಲ ಮೂಲದ್ದೇ ಆಗಿದ್ದರೆ ಹೆಚ್ಚು ಕೊಡುತ್ತೇನೆ ಎಂದು ಕೊಳ್ಳುವವರು ಹೇಳಿದ್ದರು.

ದೋಷ ಪವರ್ ಸಪ್ಲೈಯ ಕೆಪಾಸಿಟರುಗಳದು. ಮನೆಯ 50 ಹರ್ಟ್ಸ್ ಕರೆಂಟನ್ನು ರೆಕ್ಟಿಫೈಯರ್ ಡಿ.ಸಿ. ಮಾಡಿದರೂ ಅದರಲ್ಲಿ ಸೆಕೆಂಡಿಗೆ 100 ಏರಿಳಿತ ಉಳಿದಿರುತ್ತವೆ. ಅವನ್ನು ಸಮ ಮಾಡುವುದು ಈ ಡಬ್ಬಿಗಳ ಕೆಲಸ. ಒಳಗಿನ ದ್ರಾವಣ ಒಣಗಿದರೆ ಏರಿಳಿತವೇ ಸ್ಪೀಕರಿನಲ್ಲಿ ಕೇಳಿಸುತ್ತದೆ.

ಆದರೆ ಅವು ಸ್ವಿಚ್ಚಿನ ಮಾತು ಕೇಳುವುದಿಲ್ಲ. 300 ವೋಲ್ಟಿಗೂ ಮೀರಿದ ಚಾರ್ಜು ಪ್ಲಗ್ ಕಿತ್ತ ಮೇಲೂ ಕಾದು ಕೂತಿರಬಹುದು. ಒಳ್ಳೆಯ ತಯಾರಕರು ಅದನ್ನು ಮೆಲ್ಲಗೆ ಇಳಿಸಲು ಬ್ಲೀಡರ್ ಎಂಬ ರೆಸಿಸ್ಟರ್ ಹಾಕಿರುತ್ತಾರೆ. ಎಂದೋ ಮುಚ್ಚಳ ತೆಗೆಯುವ ಅಪರಿಚಿತನಿಗಾಗಿ ಮಾಡಿಟ್ಟ ಉಪಕಾರ ಅದು. ಆದರೆ ಅದೂ ಕೆಟ್ಟಿರಬಹುದು. ಹಾಗಾಗಿ ಒಂದು ಕೈ ಬೆನ್ನ ಹಿಂದಿಟ್ಟು, 10 ಕಿಲೋಓಮ್, 10 ವ್ಯಾಟಿನ ರೆಸಿಸ್ಟರನ್ನು ಹೊದಿಕೆಯಿದ್ದ ಕ್ಲಿಪ್ಪುಗಳಿಂದ ತಾಗಿಸಿ, ಮೀಟರಿನಲ್ಲಿ ಅಳೆದೆ. ಸೊನ್ನೆ ಬಂದ ಮೇಲೂ ಕಾದು ಮತ್ತೆ ಅಳೆದೆ. ಖಾಲಿಯಾದ ಕೆಪಾಸಿಟರಿನಲ್ಲಿ ತುಸು ವೋಲ್ಟೇಜು ತಾನಾಗಿ ಮರಳುವುದುಂಟು.

ಎಸ್.ಪಿ. ರಸ್ತೆಯಿಂದ ತಂದ ಹೊಸವು ಹಳೆಯವಕ್ಕಿಂತ ತೀರ ಚಿಕ್ಕವು. ತಾಳುವ ವೋಲ್ಟೇಜು ಮೂಲಕ್ಕಿಂತ ಕಡಿಮೆಯಿಲ್ಲ ಎಂಬುದನ್ನು ಖಚಿತ ಮಾಡಿಕೊಂಡೆ. ಪ್ಲಸ್, ಮೈನಸ್ ಎರಡೆರಡು ಸಲ ನೋಡಿದೆ, ತಿರುವುಮುರುವಾದರೆ ಸಿಡಿಯಬಹುದು.

“ಹಳೇ ಡಬ್ಬಿ ಒಳಗೇ ಕೂರಿಸಿಬಿಡೋಣ ಮಾವ, ಯಾರಿಗೂ ಗೊತ್ತಾಗಲ್ಲ.”

ಕೂರಿಸಿದೆವು, ರಿಪೇರಿಯವರಲ್ಲಿ ಅದು ರೂಢಿಯ ವಿಧಾನವೇ. ಆದರೆ ‘ಯಾರಿಗೂ ಗೊತ್ತಾಗಲ್ಲ’ ಎಂಬ ಮಾತು ರಾತ್ರಿಯೆಲ್ಲ ಕಾಡಿತು. ಹಳೆಯ ರೂಪ ಉಳಿಸುವುದು ಸುಳ್ಳೇ? ಅಲ್ಲ. ಅಪ್ಪನ ಕೈ ಸವರಿದ ಆ ಡಬ್ಬಿ ಅಲ್ಲೇ ಇರಲಿ ಎಂಬ ಆಸೆ ನನಗೂ ಇತ್ತು. ಆದರೆ ರೂಪದ ಮೇಲಿನ ಪ್ರೀತಿ ಬೇರೆ, ಆ ರೂಪ ತೋರಿಸಿ ಹೆಚ್ಚು ಹಣ ಪಡೆಯುವುದು ಬೇರೆ. ಸುಮ್ಮನಿದ್ದುಬಿಡುವುದು ಆರಿಸಿದ ಯಂತ್ರದಂತೆ ನಿರಪಾಯವಾಗಿಯೇ ಕಾಣುತ್ತದೆ. ಒಳಗೆ ಉಳಿದದ್ದು ಮಾತ್ರ ಮುಂದೆ ಕೈಹಾಕಿದವನಿಗೆ ತಗಲುತ್ತದೆ.

ಬೆಳಿಗ್ಗೆ ಏನೇನು ಬದಲಿಸಿದೆವು, ಯಾವ ದಿನ ಎಂದು ಚೀಟಿ ಬರೆದು ತಳದ ತಗಡಿನ ಒಳಬದಿಗೆ ಅಂಟಿಸಿದೆ. ಕೊಳ್ಳುವವರಿಗೂ ಹೇಳಿದೆ. ಅವರು ಬೆಲೆ ಇಳಿಸಿದರು, ಕೊಟ್ಟೆವು.

ಮುಚ್ಚಳ ಹಾಕುವ ಮೊದಲು ಹುಡುಗನೇ ಚೀಟಿಯ ಕೊನೆಗೆ ಒಂದು ಸಾಲು ಸೇರಿಸಿದ್ದ: ‘ಮುಟ್ಟುವ ಮುನ್ನ ಅಳೆಯಿರಿ.’