ಎಲ್ಲರೂ ಸಮರ್ಥರಾದಾಗ ಮೊದಲಿಗರು ಯಾರು?



ವರ್ಷದ ಕೊನೆ ಬಂತೆಂದರೆ ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕು, ಕಚೇರಿಗಳಲ್ಲಿ ದುಡಿಯುವ ನಮ್ಮಂಥವರ ಮನೆಗಳಲ್ಲಿ ಅಪ್ರೈಸಲ್‌ನದೇ ಮಾತು. ಬೋನಸ್ಸು, ಮಕ್ಕಳ ಫೀಸು, ಕೆಲಸಕ್ಕೆ ಅಂಟಿಕೊಂಡ ವೀಸಾ ಎಲ್ಲವೂ ಮನಸ್ಸಿನಲ್ಲಿರುವಾಗ ಚಿಂತೆ ಸಹಜವೇ. ಒಂದೇ ಕಾರಿನಲ್ಲಿ ಭಜನೆಗೆ ಬರುತ್ತಿದ್ದ ಸಹೋದ್ಯೋಗಿಗಳು ರೇಟಿಂಗ್ ಬಂದ ಮೇಲೆ ಮಾತು ಬಿಡುವುದನ್ನೂ ನಾವು ಕಂಡಿದ್ದೇವೆ.

ಸಾವಿರಾರು ಜನರನ್ನು ಅಳೆದರೆ ಕೆಲವರು ಮೇಲೆ, ಕೆಲವರು ಕೆಳಗೆ, ಹೆಚ್ಚಿನವರು ನಡುವೆ ಬರಬಹುದು. ಇದನ್ನೇ ಬೆಲ್ ಕರ್ವ್ ಎನ್ನುತ್ತೇವೆ. ಆದರೆ ಸೋಸಿ ಆರಿಸಿದ ಎಂಟು ಜನರ ತಂಡಕ್ಕೂ ಅದೇ ಲೆಕ್ಕ ಹಾಕಿದರೆ ಸಮರ್ಥರೊಬ್ಬರನ್ನು ಕೊನೆಗೆ ತಳ್ಳಲೇಬೇಕಾಗುತ್ತದೆ. ಹೊಸ ಪ್ರೋಗ್ರಾಂ ಬರೆದವರು ಎಲ್ಲರ ಕಣ್ಣಿಗೆ ಬೀಳುತ್ತಾರೆ, ಸರ್ವರ್ ನಿಲ್ಲದಂತೆ ರಾತ್ರಿಯಿಡೀ ಕಾದವರು ಕಾಣುವುದಿಲ್ಲ. ಇವರಿಬ್ಬರನ್ನು ತೂಗುವ ತಕ್ಕಡಿ ಯಾವುದು? ಮೈಕ್ರೋಸಾಫ್ಟ್ 2013ರಲ್ಲಿ, ನಮ್ಮ ಬೆಂಗಳೂರಿನ ಇನ್ಫೋಸಿಸ್ 2015ರಲ್ಲಿ ಇಂಥ ಕಡ್ಡಾಯ ಶ್ರೇಣಿಯನ್ನು ಕೈಬಿಟ್ಟವು.

16ನೇ ಶತಮಾನದಲ್ಲಿ ವ್ಯಾಸರಾಯರ ಸುತ್ತ ಇದ್ದವರೂ ಸಾಮಾನ್ಯರಲ್ಲ. ಅಲ್ಲಿ ಪುರಂದರದಾಸರಿದ್ದರು, ಕನಕದಾಸರಿದ್ದರು, ದೊಡ್ಡ ದೊಡ್ಡ ಪಂಡಿತರಿದ್ದರು. ನಮ್ಮಲ್ಲಿ ಮೋಕ್ಷಕ್ಕೆ ಹೋಗುವವರು ಯಾರು ಎಂದು ಗುರುಗಳು ಒಮ್ಮೆ ಕೇಳಿದರೆಂಬುದು ನಾವೆಲ್ಲ ಕೇಳಿದ ಐತಿಹ್ಯ. ಪಂಡಿತರು ಒಬ್ಬೊಬ್ಬರ ಹೆಸರು ಬಂದಾಗಲೂ, ಗುರುಗಳ ಹೆಸರು ಬಂದಾಗಲೂ, ಕನಕದಾಸರು ಇಲ್ಲವೆಂದರಂತೆ. ಹಾಗಾದರೆ ನೀನು? 'ನಾನು ಹೋದರೆ ಹೋದೇನು' ಎಂದರು. ಸಭೆ ಸಿಟ್ಟಾಯಿತು. 'ನಾನು' ಎಂಬ ಅಹಂಕಾರ ಹೋದರೆ ಎಂಬ ಅರ್ಥ ತಿಳಿದದ್ದು ಗುರುಗಳಿಗೆ. ಅದೇ ವ್ಯಾಸರಾಯರು ಶಿಷ್ಯರಾದ ಪುರಂದರದಾಸರನ್ನು ಹೊಗಳಿ ಹಾಡು ಕಟ್ಟಿದರು. ಅಳೆಯುವ ಪೀಠದಲ್ಲಿ ಕುಳಿತವರಿಗೆ ಇದು ದೊಡ್ಡ ಪಾಠ.

ನಮ್ಮಲ್ಲಿ ರೇಟಿಂಗ್ ಕೊಡುವವರೂ ಇದ್ದಾರೆ, ಪಡೆಯುವವರೂ ಇದ್ದಾರೆ. ಕೊಡುವಾಗ ಕಾಣದ ಕೆಲಸವನ್ನು ಕೇಳಿ ತಿಳಿಯೋಣ. ಇಬ್ಬರು ಸಮಾನರಾಗಿದ್ದರೆ ಸಮಾನರೆಂದೇ ಮೇಲಿನವರಿಗೆ ಹೇಳುವ ಧೈರ್ಯ ಮಾಡೋಣ, ಏಕೆಂದರೆ ಆ ಅಂಕಿಯ ಹಿಂದೆ ಒಂದು ಸಂಸಾರವಿದೆ. ಪಡೆಯುವಾಗ ಅನ್ಯಾಯ ಕಂಡರೆ ವಿನಯದಿಂದ ಕೇಳೋಣ. ಆದರೆ ಆ ಅಂಕಿ ಸಂಬಳದ ಲೆಕ್ಕವೇ ಹೊರತು ನಮ್ಮ ಬೆಲೆಯಲ್ಲ, ಪಕ್ಕದವರ ಬೆಲೆಯೂ ಅಲ್ಲ. ತನ್ನ ತನ್ನ ಕರ್ಮದಿಂದಲೇ ಭಗವಂತನನ್ನು ಪೂಜಿಸಿ ಸಿದ್ಧಿ ಪಡೆಯಬಹುದೆಂದು ಗೀತೆಯ 18ನೇ ಅಧ್ಯಾಯದಲ್ಲಿ ಶ್ರೀಕೃಷ್ಣ ಹೇಳುತ್ತಾನೆ. ಆ ಪೂಜೆಯಲ್ಲಿ ಮೊದಲನೆಯವರು, ಎಂಟನೆಯವರು ಎಂಬ ಸಾಲೇ ಇಲ್ಲ.

ಮಾತು ಬಿಟ್ಟ ಸ್ನೇಹಿತರಿದ್ದರೆ ಈ ವಾರವೇ ಫೋನ್ ಮಾಡೋಣ, ಮತ್ತೆ ಒಂದೇ ಕಾರಿನಲ್ಲಿ ಭಜನೆಗೆ ಬರೋಣ.

ಶ್ರೀಕೃಷ್ಣಾರ್ಪಣಮಸ್ತು.