ಒಂದು ಲೈನು, ಎರಡು ಕೋಣೆ

ಸಂಜೆ ಏಳರಿಂದ ಒಂಬತ್ತರ ನಡುವೆ ನಮ್ಮ ಊರುಗಳ ಎಷ್ಟೋ ಮನೆಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ. "ಯಾರು ಡೌನ್‌ಲೋಡ್ ಹಾಕಿರೋದು? ನನ್ನ ಕಡೆ ಬರೀ ಸುತ್ತುತ್ತಾ ಇದೆ!" ಪಕ್ಕದ ಕೋಣೆಯಿಂದ ಉತ್ತರ: "ನಾನೇನೂ ಹಾಕಿಲ್ಲಪ್ಪ, ಸುಮ್ಮನೆ ಓದ್ತಾ ಕೂತಿದ್ದೀನಿ." ನಡುಮನೆಯ ಮೂಲೆಯಲ್ಲಿ ಮೋಡೆಮ್ಮಿನ ಹಸಿರು ದೀಪ ಒಂದೇ ಸಮನೆ ಮಿಣುಕುತ್ತಿರುತ್ತದೆ. ತಿಂಗಳಿಗೆ ಬಿಲ್ಲು ಒಂದು, ಒಳಗೆ ಬರುವ ಲೈನು ಒಂದು, ಕಂಪ್ಯೂಟರು ಎರಡು. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಇಬ್ಬರಿಗೂ ತೊಂದರೆಯಾಗುತ್ತಿದೆ. ಆ ಒಂದು ಲೈನು ಇಬ್ಬರ ನಡುವೆ ನಿಜವಾಗಿ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ಒಮ್ಮೆ ನಿಧಾನವಾಗಿ ನೋಡಿದರೆ, ಮನೆಯೊಳಗಿನ ಆ ಸಣ್ಣ ಸಿಡುಕು ಅರ್ಧಕ್ಕರ್ಧ ಕರಗುತ್ತದೆ ಎಂದು ನನಗನ್ನಿಸುತ್ತದೆ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ದೇಶದ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಾಗ ಹಂಚಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಡಯಲ್ ಮಾಡಿ ಒಬ್ಬರು ಕೂತರೆಂದರೆ ಮನೆಯ ಫೋನೂ ಎಂಗೇಜು. 2005ರ ಜನವರಿಯಲ್ಲಿ ಬಿಎಸ್ಸೆನ್ನೆಲ್ ಬ್ರಾಡ್‌ಬ್ಯಾಂಡ್ ಶುರುವಾಗಿ, ಬರುಬರುತ್ತ ಜಿಲ್ಲಾ ಕೇಂದ್ರಗಳ ಮನೆಗಳಿಗೂ ಬಂದ ಮೇಲೆ ಚಿತ್ರ ಬದಲಾಯಿತು. ಗೋಡೆಯ ಮೇಲೊಂದು ಸ್ಪ್ಲಿಟರ್, ಅದರಿಂದ ಒಂದು ವೈರು ಫೋನಿಗೆ, ಇನ್ನೊಂದು ಮೋಡೆಮ್ಮಿಗೆ. ವೇಗ ಸೆಕೆಂಡಿಗೆ 256 ಕಿಲೋಬಿಟ್. ಕೆಲವು ಪ್ಲಾನುಗಳಲ್ಲಿ ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ ಎಷ್ಟು ಬಳಸಿದರೂ ಲೆಕ್ಕಕ್ಕಿಲ್ಲ. ಆ ವೇಗದಲ್ಲಿ ಒಂದು ಸಿಡಿಯಷ್ಟು, ಅಂದರೆ 700 ಎಂಬಿ ಇಳಿಸಿಕೊಳ್ಳಲು ಆರು ಗಂಟೆಗೂ ತುಸು ಹೆಚ್ಚು ಬೇಕು. ಹಾಗಾಗಿ ಇಂಜಿನಿಯರಿಂಗ್ ಓದುವ ಹುಡುಗರು ಅಲಾರಂ ಇಟ್ಟುಕೊಂಡು ಎರಡು ಗಂಟೆಗೆ ಎದ್ದು, ಡೌನ್‌ಲೋಡ್ ಹಚ್ಚಿ, ಮತ್ತೆ ಮಲಗುತ್ತಿದ್ದರು. ಆ ಹೊತ್ತಿಗೆ ಮನೆಯಲ್ಲಿ ಇನ್ಯಾರಿಗೂ ಲೈನು ಬೇಕಿರುತ್ತಿರಲಿಲ್ಲ. ಬೇರೆಯವರು ನಿದ್ದೆ ಮಾಡುವಾಗ ತನ್ನ ದೊಡ್ಡ ಕೆಲಸ ಮಾಡಿಕೊಳ್ಳುವ ಆ ಪದ್ಧತಿ ಹಣ ಉಳಿಸಲು ಹುಟ್ಟಿದ್ದಾದರೂ ಅದರಲ್ಲೊಂದು ಒಳ್ಳೆಯ ನಡವಳಿಕೆ ತಾನಾಗಿ ಸೇರಿಕೊಂಡಿತ್ತು.

ಮನೆಗೆ ಎರಡನೆಯ ಕಂಪ್ಯೂಟರ್ ಬಂದಾಗ ಹೆಚ್ಚಿನವರು ಮಾಡಿದ್ದು ಸರಳ ಏರ್ಪಾಟು. 1999ರಲ್ಲಿ ಬಂದ ವಿಂಡೋಸ್ 98 ಎರಡನೇ ಆವೃತ್ತಿಯಿಂದ ಮೊದಲ್ಗೊಂಡು, ಒಂದು ಕಂಪ್ಯೂಟರಿಗೆ ಬಂದ ಸಂಪರ್ಕವನ್ನು ಇನ್ನೊಂದಕ್ಕೆ ದಾಟಿಸುವ ಸೌಲಭ್ಯ ಒಳಗೇ ಇತ್ತು. ಎರಡರ ನಡುವೆ ಬೇಕಾದದ್ದು ಒಂದು ಕ್ರಾಸ್ ಕೇಬಲ್. ಆ ಕೇಬಲ್ಲಿನ ತುದಿಯನ್ನು ಹತ್ತಿರದಿಂದ ನೋಡಿದ್ದೀರಾ? ಒಳಗೆ ಎಂಟು ಸಣ್ಣ ತಂತಿಗಳು, ಎರಡೆರಡಾಗಿ ಹೊಸೆದುಕೊಂಡ ನಾಲ್ಕು ಜೋಡಿ. ಒಂದು ತುದಿಯಲ್ಲಿ ಕಿತ್ತಳೆ ಜೋಡಿ ಕೂತ ಜಾಗದಲ್ಲಿ ಇನ್ನೊಂದು ತುದಿಯಲ್ಲಿ ಹಸಿರು ಜೋಡಿ ಕೂರಬೇಕು. ಒಂದು ಯಂತ್ರ ಮಾತಾಡುವ ತಂತಿ ಇನ್ನೊಂದು ಯಂತ್ರ ಕೇಳಿಸಿಕೊಳ್ಳುವ ತಂತಿಗೆ ಸೇರಬೇಕಲ್ಲ, ಅದಕ್ಕೆ ಈ ಅದಲು ಬದಲು. ಎರಡೂ ತುದಿ ಒಂದೇ ಥರ ಇದ್ದರೆ ಇಬ್ಬರೂ ಒಂದೇ ತಂತಿಯಲ್ಲಿ ಮಾತಾಡಿ, ಇನ್ನೊಂದರಲ್ಲಿ ಇಬ್ಬರೂ ಕಾದು ಕೂರುತ್ತಿದ್ದರು. ಈ ಏರ್ಪಾಟಿನಲ್ಲಿ ಇನ್ನೊಂದು ಷರತ್ತೂ ಇತ್ತು. ಮೊದಲ ಕಂಪ್ಯೂಟರ್ ಆನ್ ಇದ್ದರಷ್ಟೇ ಎರಡನೆಯದಕ್ಕೆ ನೆಟ್. ತನ್ನ ಕೆಲಸ ಮುಗಿಯಿತೆಂದು ಎದ್ದವರು ಸ್ವಿಚ್ ಆರಿಸುವ ಮುನ್ನ "ನಿಂದು ಮುಗೀತೇನೋ?" ಎಂದು ಕೇಳಲೇಬೇಕಿತ್ತು. ಈಗ ರೌಟರ್ ಬಂದು ಕೇಳುವ ಅಗತ್ಯವನ್ನೇ ತೆಗೆದುಹಾಕಿದೆ. ಅದು ದೊಡ್ಡ ಅನುಕೂಲ, ಒಪ್ಪಿದೆ. ಆದರೆ ಆ ಪ್ರಶ್ನೆಯ ಜೊತೆಗೆ ಮನೆಯಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂಬ ಅರಿವೂ ಕೊಂಚ ಹಿಂದೆ ಬಿತ್ತು.

ರೌಟರಿನ ಕೆಲಸ ಮಾತ್ರ ಮೆಚ್ಚತಕ್ಕದ್ದೇ. ಹೊರಜಗತ್ತಿಗೆ ನಿಮ್ಮ ಇಡೀ ಮನೆಗೆ ಇರುವುದು ಸಾಮಾನ್ಯವಾಗಿ ಒಂದೇ ವಿಳಾಸ. ಹಳೆಯ ಪದ್ಧತಿಯ ಇಂಟರ್ನೆಟ್ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಅವು ಸಾಲುವುದಿಲ್ಲ ಎಂದು ಬಲ್ಲವರಿಗೆ ಬಹಳ ಮುಂಚೆಯೇ ಗೊತ್ತಾಗಿ, 1994ರಲ್ಲಿ ಒಂದು ಉಪಾಯ ಮುಂದಿಟ್ಟರು: ಒಳಗಿನ ಯಂತ್ರಗಳಿಗೆ ಮನೆಮಟ್ಟಿಗೆ ಬೇರೆ ವಿಳಾಸ ಇರಲಿ, ಹೊರಗೆ ಹೋಗುವಾಗ ಎಲ್ಲರೂ ಒಂದೇ ವಿಳಾಸದಲ್ಲಿ ಹೋಗಲಿ. 192.168 ಎಂದು ಆರಂಭವಾಗುವ ಅಂಕಿಗಳನ್ನು ನಿಮ್ಮ ಕಂಪ್ಯೂಟರಿನಲ್ಲಿ ಕಂಡಿರಬಹುದು. ಅವು ಮನೆಯೊಳಗಿನ ವಿಳಾಸಗಳು, ನಿಮ್ಮ ಮನೆಯಲ್ಲೂ ಪಕ್ಕದ ಮನೆಯಲ್ಲೂ ಅವೇ ಇರುತ್ತವೆ. ಯಾವ ಕೋಣೆಯಿಂದ ಯಾವ ವಿನಂತಿ ಹೋಯಿತು ಎಂಬುದನ್ನು ರೌಟರ್ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಉತ್ತರ ಬಂದಾಗ ತಪ್ಪದೆ ಅದೇ ಕೋಣೆಗೆ ಮುಟ್ಟಿಸುತ್ತದೆ. ಕೂಡುಕುಟುಂಬದ ಮನೆಗೆ ಬಂದ ಕಾಗದಗಳನ್ನೆಲ್ಲ ಜಗಲಿಯಲ್ಲಿ ಇಸಿದುಕೊಂಡು, ಇದು ದೊಡ್ಡವನಿಗೆ, ಇದು ಸೊಸೆಯ ತವರಿನದು ಎಂದು ವಿಂಗಡಿಸಿ ಕೊಡುತ್ತಿದ್ದ ಹಿರಿಯರ ಕೆಲಸವೇ ಇದು. ಹೊಸದಾಗಿ ಕೊಡಬಹುದಾದ ವಿಳಾಸಗಳ ಕೇಂದ್ರ ಸಂಗ್ರಹ 2011ರ ಫೆಬ್ರವರಿಯಲ್ಲಿ ಮುಗಿದುಹೋಯಿತು. ಆದರೂ ನಮ್ಮ ಮನೆಗಳಲ್ಲಿ ಏನೂ ನಿಲ್ಲಲಿಲ್ಲವೆಂದರೆ, ಅದಕ್ಕೆ ಒಂದು ಮುಖ್ಯ ಕಾರಣ ಈ ಹೊಂದಾಣಿಕೆ.

ವಿಳಾಸದ ಕಥೆ ಹಾಗಾಯಿತು. ವೇಗವನ್ನು ಹಂಚುವವರು ಯಾರು? ಇಲ್ಲಿಯೇ ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದ ಸಂಗತಿ ಇರುವುದು. 1986ರ ಅಕ್ಟೋಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಇದ್ದಕ್ಕಿದ್ದಂತೆ ಕುಸಿಯಿತು. ಎರಡರ ನಡುವಿನ ಅಂತರ ಸುಮಾರು 400 ಗಜ. ಸೆಕೆಂಡಿಗೆ 32 ಸಾವಿರ ಬಿಟ್ ಸಾಗುತ್ತಿದ್ದಲ್ಲಿ ಬರೀ 40 ಬಿಟ್ ಸಾಗತೊಡಗಿತು. ತಂತಿ ಕಡಿದಿರಲಿಲ್ಲ. ಕಳಿಸಿದ್ದಕ್ಕೆ ಉತ್ತರ ಬರಲಿಲ್ಲವೆಂದು ಪ್ರತಿಯೊಂದು ಕಂಪ್ಯೂಟರೂ ಅದನ್ನೇ ಮತ್ತೆ ಕಳಿಸುತ್ತಿತ್ತು. ದಾರಿ ಕಟ್ಟಿಕೊಂಡಷ್ಟೂ ಇನ್ನಷ್ಟು ಕಳಿಸುತ್ತಿತ್ತು. ಎಲ್ಲರೂ ಅವಸರ ಮಾಡಿದ್ದರಿಂದ ಯಾರದ್ದೂ ಮುಟ್ಟಲಿಲ್ಲ. ವ್ಯಾನ್ ಜೇಕಬ್‌ಸನ್ ಎಂಬ ವಿಜ್ಞಾನಿ ಮೈಕೆಲ್ ಕರೆಲ್ಸ್ ಜೊತೆ ಸೇರಿ ಇದನ್ನು ಬಿಡಿಸಿ ನೋಡಿ, 1988ರಲ್ಲಿ ಪರಿಹಾರವನ್ನು ಪ್ರಕಟಿಸಿದರು. ಹೊಸ ತಂತಿ ಎಳೆಯಿರಿ ಎಂದಲ್ಲ, ಕಾವಲಿಗೆ ಒಬ್ಬ ಅಧಿಕಾರಿಯನ್ನು ಕೂರಿಸಿ ಎಂದೂ ಅಲ್ಲ. ಕಳಿಸುವ ಯಂತ್ರ ಮೊದಲು ಸ್ವಲ್ಪ ಕಳಿಸಿ ನೋಡಲಿ. ಸರಾಗವಾಗಿ ಹೋದರೆ ಹೆಚ್ಚಿಸಲಿ. ಒಂದು ತುಣುಕು ಕಳೆದುಹೋಯಿತೆಂದರೆ ದಾರಿಯಲ್ಲಿ ಬೇರೆಯವರೂ ಇದ್ದಾರೆ ಎಂದು ತಿಳಿದು, ತನ್ನ ವೇಗವನ್ನು ತಾನೇ ಅರ್ಧಕ್ಕಿಳಿಸಲಿ. ಆಮೇಲೆ ಮತ್ತೆ ಮೆಲ್ಲಗೆ ಏರಲಿ.

ಅರ್ಧಕ್ಕೆ ಇಳಿಯುವುದು, ಮೆಲ್ಲಗೆ ಏರುವುದು. ಇಷ್ಟರಿಂದಲೇ ನ್ಯಾಯ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಒಂದು ಚಿಕ್ಕ ಲೆಕ್ಕ ನೋಡಿ. ಆ ಹಳೆಯ 256ರ ಲೈನನ್ನೇ ತೆಗೆದುಕೊಳ್ಳೋಣ. ಅಣ್ಣನ ಕಡೆಗೆ ಮೊದಲೇ ಹರಿಯುತ್ತಿರುವುದು 216. ಆಮೇಲೆ ಬಂದ ತಂಗಿಗೆ ಸಿಕ್ಕಿದ್ದು 40. ಲೈನು ತುಂಬಿ ತುಣುಕುಗಳು ಕಳೆದುಹೋಗುತ್ತವೆ, ಇಬ್ಬರಿಗೆ ಕಳಿಸುವವರೂ ಅರ್ಧಕ್ಕೆ ಇಳಿಯುತ್ತಾರೆ: 108 ಮತ್ತು 20. ಈಗ ಇಬ್ಬರದ್ದೂ ಸಮಸಮವಾಗಿ ಏರುತ್ತ ಲೈನು ಮತ್ತೆ ತುಂಬುವ ಹೊತ್ತಿಗೆ 172 ಮತ್ತು 84. ಇನ್ನೊಂದು ಸುತ್ತು ಕಳೆದರೆ 150 ಮತ್ತು 106. ಮತ್ತೊಂದರಲ್ಲಿ 139 ಮತ್ತು 117. ಹೆಚ್ಚಿದ್ದವರು ಅರ್ಧ ಬಿಟ್ಟಾಗ ಹೆಚ್ಚು ಬಿಟ್ಟಂತಾಗುತ್ತದೆ, ಕಡಿಮೆ ಇದ್ದವರು ಅರ್ಧ ಬಿಟ್ಟಾಗ ಕಳೆದುಕೊಳ್ಳುವುದು ಅಲ್ಪ. ಏರುವಾಗ ಇಬ್ಬರಿಗೂ ಒಂದೇ ಅಳತೆ. ಯಾರೂ ಯಾರನ್ನೂ ಕೇಳದೆ, ಇನ್ನೊಬ್ಬರ ಬಳಿ ಎಷ್ಟಿದೆಯೆಂದು ಇಣುಕಿಯೂ ನೋಡದೆ ಇಬ್ಬರೂ ಸಮಪಾಲಿನ ಹತ್ತಿರಕ್ಕೆ ಬಂದುಬಿಡುತ್ತಾರೆ. ದಾಹ್ ಮಿಂಗ್ ಚಿಯು ಮತ್ತು ರಾಜ್ ಜೈನ್ 1989ರಲ್ಲಿ ಇದನ್ನು ಗಣಿತದಿಂದಲೇ ತೋರಿಸಿಕೊಟ್ಟರು. ನಿಜದ ಲೈನಿನಲ್ಲಿ ದೂರದ ಸರ್ವರಿನಿಂದ ಬರುವುದಕ್ಕೂ ಹತ್ತಿರದ್ದಕ್ಕೂ ವ್ಯತ್ಯಾಸವಾಗುತ್ತದೆ, ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಕೂರುವುದಿಲ್ಲ. ಆ ಮೇಲೆ ಬಂದ ಸುಧಾರಿತ ಪದ್ಧತಿಗಳೂ ಹಲವಿವೆ. ಆದರೂ ಇಂಟರ್ನೆಟ್ ಇಷ್ಟು ಕಾಲ ಕುಸಿಯದೆ ನಿಂತಿರುವುದರ ಹಿಂದೆ, ಅಡಚಣೆಯ ಸುಳಿವು ಸಿಕ್ಕೊಡನೆ ತಾನೇ ಹಿಂದೆ ಸರಿಯುವ ಈ ಸಂಯಮವಿದೆ. ಇದನ್ನು ತಿಳಿದಂದಿನಿಂದ ಮಿಣುಕುವ ಆ ಹಸಿರು ದೀಪದ ಬಗ್ಗೆ ನನಗೆ ಗೌರವ ಬಂದಿದೆ.

ನಿಯಮಕ್ಕೆ ಒಂದು ಸಂದೂ ಇದೆ. ಸಮಪಾಲು ಸಿಗುವುದು ಸಂಪರ್ಕಕ್ಕೆ, ಮನುಷ್ಯನಿಗಲ್ಲ. ಒಂದೇ ಫೈಲನ್ನು ಎಂಟು ಭಾಗ ಮಾಡಿ, ಎಂಟು ಸಂಪರ್ಕ ತೆರೆದು ಎಳೆಯುವ ತಂತ್ರಾಂಶಗಳಿವೆ. ಬೇಗ ಇಳಿಯುತ್ತದೆಂದು ಹುಡುಗರಿಗೆ ಅವು ಅಚ್ಚುಮೆಚ್ಚು. ಬೇಗ ಇಳಿಯುವುದು ನಿಜ, ಆದರೆ ಆ ವೇಗದ ಒಂದು ಭಾಗ ಪಕ್ಕದ ಕೋಣೆಯಿಂದ ಬಂದದ್ದು. ಒಬ್ಬ ಎಂಟು ಜನರಾಗಿ ಪಂಕ್ತಿಯಲ್ಲಿ ಕೂತರೆ ಒಂಬತ್ತನೆಯವನ ಎಲೆಗೆ ಬೀಳುವುದು ಒಂಬತ್ತರಲ್ಲಿ ಒಂದು ಪಾಲು. ತಪ್ಪೆಂದು ಗೊತ್ತಿದ್ದು ಹೀಗೆ ಮಾಡುವ ಮಕ್ಕಳು ಕಡಿಮೆ. ಲೆಕ್ಕವನ್ನು ಒಮ್ಮೆ ಹೇಳಿ ತೋರಿಸಿದರೆ ಸಾಕು, ಸಂಖ್ಯೆಯನ್ನು ಒಂದಕ್ಕೋ ಎರಡಕ್ಕೋ ಇಳಿಸುತ್ತಾರೆ. ಇನ್ನು ದೊಡ್ಡವರ ಕಡೆಯಿಂದ ಆಗುವ ಅಚಾತುರ್ಯವೆಂದರೆ ಮದುವೆಯ ಫೋಟೋಗಳನ್ನೆಲ್ಲ ಒಟ್ಟಿಗೆ ಮೇಲಕ್ಕೆ ಕಳಿಸಲು ಹಚ್ಚುವುದು. ಹಳೆಯ ಟೆಲಿಫೋನ್ ತಂತಿಯ ಸಂಪರ್ಕಗಳಲ್ಲಿ ಮೇಲಕ್ಕೆ ಹೋಗುವ ದಾರಿ ಕೆಳಕ್ಕೆ ಬರುವುದಕ್ಕಿಂತ ತೀರ ಕಿರಿದು. "ನೀನು ಕಳಿಸಿದ್ದು ಮುಟ್ಟಿತು" ಎಂಬ ಚಿಕ್ಕ ರಸೀದಿಗಳೂ ಅದೇ ಕಿರಿದಾರಿಯಲ್ಲಿ ಹೋಗಬೇಕು. ಅವು ಫೋಟೋಗಳ ಹಿಂದೆ ಸಾಲಿನಲ್ಲಿ ನಿಂತರೆ ಅತ್ತಲಿಂದ ಬರಬೇಕಾದ್ದೂ ನಿಧಾನವಾಗುತ್ತದೆ. ಪಕ್ಕದ ಕೋಣೆಯವರು ಏನನ್ನೂ ಇಳಿಸುತ್ತಿಲ್ಲ, ಆದರೂ ಇಲ್ಲಿ ಸುತ್ತುತ್ತದೆ. "ನಾನೇನೂ ಹಾಕಿಲ್ಲಪ್ಪ" ಎಂಬ ಮಾತು ಎಷ್ಟೋ ಸಲ ಪೂರ್ತಿ ನಿಜವಾಗಿರುವುದು ಹೀಗೆ. ಇತ್ತೀಚಿನ ಒಳ್ಳೆಯ ರೌಟರುಗಳು ಚಿಕ್ಕ ತುಣುಕುಗಳಿಗೆ ಮೊದಲು ದಾರಿ ಬಿಡುತ್ತವೆ, ದೊಡ್ಡ ಹೊರೆಯನ್ನು ಪಕ್ಕಕ್ಕೆ ನಿಲ್ಲಿಸುತ್ತವೆ. ಫೈಬರ್ ಬಂದ ಮನೆಗಳಲ್ಲಿ ಈ ತಾಪತ್ರಯ ಬಹುಪಾಲು ಕಡಿಮೆಯೂ ಆಗಿದೆ.

ಆದರೆ ಎಷ್ಟೇ ಒಳ್ಳೆಯ ಯಂತ್ರವಾದರೂ ಅದು ತಾನಾಗಿಯೇ ಕೊಡಬಲ್ಲದ್ದು ಹೆಚ್ಚೆಂದರೆ ಸಮಪಾಲು. ಒಂದು ಕೋಣೆಯಲ್ಲಿ ನಡೆಯುತ್ತಿರುವುದು ಮಗಳ ಉದ್ಯೋಗದ ಸಂದರ್ಶನ, ಇನ್ನೊಂದರಲ್ಲಿ ಓಡುತ್ತಿರುವುದು ಎರಡನೇ ಸಲ ನೋಡುತ್ತಿರುವ ಸಿನಿಮಾ ಎಂಬುದು ಅದಕ್ಕೆ ತಿಳಿಯದು. ಅದರ ಪಾಲಿಗೆ ಎರಡೂ ತುಣುಕುಗಳೇ. 2020ರ ಲಾಕ್‌ಡೌನಿನಲ್ಲಿ ಇದು ನಮಗೆಲ್ಲ ಕಣ್ಣಿಗೆ ಕಟ್ಟುವಂತೆ ಗೊತ್ತಾಯಿತು. ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ ಪಾಠ ಕೇಳುತ್ತಿದ್ದ ದಿನಗಳವು. ಲೈನು ಇದ್ದ ಪಟ್ಟಣದ ಮನೆಗಳಲ್ಲಿ ಅಪ್ಪನ ಆಫೀಸು, ಮಗನ ತರಗತಿ, ಅಮ್ಮನ ಬ್ಯಾಂಕಿನ ಮೀಟಿಂಗು ಎಲ್ಲವೂ ಬೆಳಗಿನ ಹತ್ತು ಗಂಟೆಗೇ. ಆಗ ಮನೆಮನೆಯಲ್ಲೂ ಚಿಕ್ಕಪುಟ್ಟ ಏರ್ಪಾಟುಗಳಾದವು. ಕ್ಯಾಮೆರಾ ಬೇಕಿಲ್ಲದ ಮೀಟಿಂಗಿನಲ್ಲಿ ಅಪ್ಪ ಅದನ್ನು ಆರಿಸಿದರು, ಕಂಪ್ಯೂಟರಿನ ದೊಡ್ಡ ಅಪ್‌ಡೇಟುಗಳು ರಾತ್ರಿಗೆ ಹೋದವು. ಯಾರಿಗೂ ಇದನ್ನು ತ್ಯಾಗ ಎಂದು ಕರೆಯುವ ಅಗತ್ಯ ಬೀಳಲಿಲ್ಲ, ಮನೆ ನಡೆಯಬೇಕಾದ ರೀತಿ ಅದು ಅಷ್ಟೇ.

ಶಿವಮೊಗ್ಗದಲ್ಲಿ ನನಗೆ ಪರಿಚಯದ ಒಂದು ಮನೆಯಲ್ಲಿ ಆ ರೂಢಿ ಇನ್ನೂ ಉಳಿದಿದೆ. ಹಾಲು, ಗ್ಯಾಸಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲೇ ಅವರು ಇದನ್ನೂ ಬರೆದಿಡುತ್ತಾರೆ. ಮಂಗಳವಾರದ ಚೌಕದಲ್ಲಿ "ಪುಟ್ಟಿ ಟೆಸ್ಟ್ 4–5", ಶುಕ್ರವಾರ "ಇವರ ಮೀಟಿಂಗ್ ಬೆಳಗ್ಗೆ", ಭಾನುವಾರ ರಾತ್ರಿ "ಅಜ್ಜಿ, ಅಮೆರಿಕ ಕರೆ". ಆ ಹೊತ್ತಿಗೆ ಉಳಿದವರು ಟಿವಿಯ ಸಿನಿಮಾ ನಿಲ್ಲಿಸುತ್ತಾರೆ, ಇಲ್ಲವೇ ಚಿತ್ರದ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿಕೊಳ್ಳುತ್ತಾರೆ. ಹೈಸ್ಕೂಲಿನ ಮಗ ತನ್ನ ಆಟದ ಡೌನ್‌ಲೋಡನ್ನು ಮಲಗುವ ಮುನ್ನ ಹಚ್ಚಿಟ್ಟು ಹೋಗುತ್ತಾನೆ, ಬೆಳಗ್ಗೆ ಏಳುವ ಹೊತ್ತಿಗೆ ಅದು ಇಳಿದಿರುತ್ತದೆ. ಹೆಚ್ಚಿನ ವೇಗದ ಪ್ಲಾನಿಗೆ ಬದಲಾಯಿಸಬಹುದಲ್ಲ ಎಂದು ಕೇಳಿದ್ದಕ್ಕೆ ಮನೆಯಾಕೆ, "ಬದಲಾಯಿಸಿಯೂ ಆಯ್ತು, ಆದ್ರೂ ಬರೆಯೋದು ಬಿಟ್ಟಿಲ್ಲ. ಯಾರಿಗೆ ಯಾವತ್ತು ಏನಿದೆ ಅಂತ ಎಲ್ಲರಿಗೂ ಗೊತ್ತಿರ್ಲಿ ಅಂತ" ಎಂದರು.